ಹೊಸ್ತಿಲಲ್ಲಿ ನಿಂತ ಮಾತು

ನಮ್ಮೂರಿನಲ್ಲಿ ಮನೆ ಬಾಡಿಗೆಗೆ ಹಿಡಿಯಲು ಬಂದವರು ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಆಮೇಲೆ ನೋಡುತ್ತಾರೆ. ಮೊದಲು ಪ್ರತಿ ಕೋಣೆಯಲ್ಲೂ, ಪ್ರತಿ ಮೂಲೆಯಲ್ಲೂ ಒಂದೊಂದು ಗಳಿಗೆ ಸುಮ್ಮನೆ ನಿಂತು ಬರುತ್ತಾರೆ. ಹಿಂದೆ ಇದ್ದವರು ಎಲ್ಲಿ ನಿಂತು ಸಿಟ್ಟಿನಲ್ಲಿ ಏನು ಅಂದಿದ್ದಾರೋ ಅದು ಅಲ್ಲೇ ನಿಂತಿರುತ್ತದೆ. ಆ ಜಾಗದಲ್ಲಿ ಕಾಲಿಟ್ಟರೆ ಮಾತು ಮೊದಲಿನಿಂದ ಶುರುವಾಗುತ್ತದೆ, ಕಾಲು ತೆಗೆದರೆ ಅಡಗುತ್ತದೆ. ಸಿಟ್ಟಿನ ಮಾತು ಮಾತ್ರ ಹೀಗೆ. ಮುದ್ದಿನ ಮಾತು, ಹೊಗಳಿಕೆ, ತಪ್ಪಾಯಿತು ಅನ್ನುವುದು, ಇವೆಲ್ಲ ಬೇರೆ ಊರುಗಳಂತೆ ಇಲ್ಲೂ ಗಾಳಿಗೆ ಹೋಗುತ್ತವೆ. 'ಮಾತಿಲ್ಲದ ಮನೆ ಬಾಡಿಗೆಗೆ ಇದೆ' ಎಂದು ಬೋರ್ಡು ಹಾಕಿದರೆ ಸಂಜೆಯೊಳಗೆ ನಾಲ್ಕು ಸಂಸಾರ ಬಾಗಿಲಲ್ಲಿರುತ್ತವೆ.

ಹಾಗಾಗಿ ನಮ್ಮಲ್ಲಿ ಬುದ್ಧಿ ಇದ್ದವರು ಮನೆಯೊಳಗೆ ಜಗಳವಾಡುವುದಿಲ್ಲ. ಸಿಟ್ಟು ಬಂದರೆ "ನಡಿ ಕಟ್ಟೆಗೆ" ಅನ್ನುತ್ತಾರೆ. ಊರಾಚೆ ಹಳೆಯ ಕಲ್ಲುಕ್ವಾರಿಯ ಪಕ್ಕದಲ್ಲಿ ಜಗಳಕಟ್ಟೆ ಇದೆ. ಗಂಡ ಹೆಂಡತಿ, ಅತ್ತೆ ಸೊಸೆ, ಪಾಲುದಾರರು, ಎಲ್ಲರೂ ಅಲ್ಲಿಗೇ ಹೋಗಿ ಬೈದಾಡಿಕೊಂಡು ಬರುತ್ತಾರೆ. ಅಷ್ಟು ದೂರ ನಡೆಯುವುದರೊಳಗೆ ಅರ್ಧ ಜನಕ್ಕೆ ಯಾತಕ್ಕೆ ಬಂದೆವು ಎನ್ನುವುದೇ ಮರೆತುಹೋಗಿ, ದಾರಿಯಲ್ಲಿ ಮಂಡಕ್ಕಿ ತಿಂದು ವಾಪಸ್ಸು ಬರುವುದೂ ಉಂಟು. ಅಕಸ್ಮಾತ್ ಮನೆಯಲ್ಲೇ ಬಾಯಿ ಜಾರಿದರೆ ಆ ಜಾಗವನ್ನು ತಲೆ ತಗ್ಗಿಸಿ ಬಿರಬಿರನೆ ದಾಟಿಬಿಡುವುದನ್ನು ನಮ್ಮೂರಿನ ಮಕ್ಕಳು ನಡೆಯುವುದರ ಜೊತೆಗೇ ಕಲಿಯುತ್ತವೆ.

ನಾನು ಸರ್ವಮಂಗಳಾ. ಹಿಟ್ಟಿನ ಗಿರಣಿ ಮಂಗಳಕ್ಕ ಎಂದರೆ ಊರಿನಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಮನೆಯ ಎದುರಿಗೇ, ರಸ್ತೆಯ ಆಚೆ ಬದಿಗೆ ನಮ್ಮ ಗಿರಣಿ. ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಕೂಗಿ ಕೂಗಿ ನನ್ನ ದನಿ ದೊಡ್ಡದಾಗಿದೆ. ಸಿಟ್ಟು ಮೊದಲಿನಿಂದಲೂ ದೊಡ್ಡದೇ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತಾರೆ, ಬರೆಯಬಾರದು ಅಂತ ಯಾರೂ ಅಂದಿಲ್ಲವಲ್ಲ: ಮುರಿಗೆಪ್ಪ. ಕೆಟ್ಟ ಮೋಟಾರು, ಸವೆದ ಬೆಲ್ಟು, ಮುರಿದ ಕುರ್ಚಿ, ಯಾವುದನ್ನೂ ಹಾಗೇ ಬಿಟ್ಟು ಹೋಗುವ ಮನುಷ್ಯ ಅಲ್ಲ. ಆದರೆ ಮಾತು ಮಾತ್ರ ಕೇಳಬೇಡಿ. "ಹ್ಞೂ" ಎಂದರೆ ಆ ದಿನ ಬಹಳ ಮಾತಾಡಿದರು ಅಂತಲೇ ಲೆಕ್ಕ. ಮದುವೆಯಾದಂದಿನಿಂದ ಒಂದು ದಿನ ಒಂದು ಗಡಸು ಮಾತು ಆಡಿದವರಲ್ಲ. ನಮ್ಮ ಮನೆಯಲ್ಲಿ ಹುಡುಕಿದರೆ ನನ್ನ ಮಾತು ಏಳೆಂಟು ಕಡೆ ಸಿಗುತ್ತದೆ, ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ನಮ್ಮತ್ತೆಯದು ಬಚ್ಚಲಲ್ಲಿ ಹಂಡೆಯ ಹತ್ತಿರ ಒಂದು ಇದೆ: "ಹಂಡೇಗೆ ನೀರು ತುಂಬೋರು ಯಾರೇ, ನಿಮ್ಮಪ್ಪನಾ?" ಇವರದು ಒಂದೂ ಇಲ್ಲ. ಆದರೆ ಇವರು ಒಂದೊಂದು ದಿನ ಸ್ನಾನ ಮುಗಿದ ಮೇಲೂ ಹಂಡೆಯ ಹತ್ತಿರ ನಿಂತಿರುವುದನ್ನು ನಾನು ನೋಡಿದ್ದೇನೆ. ಅಮ್ಮನ ದನಿ ಬೇಕು ಅನ್ನಿಸಿದಾಗ ಬೈಗುಳವಾದರೂ ಆಗುತ್ತದೆ.

ಆರೇಳು ತಿಂಗಳ ಹಿಂದೆ ಆದದ್ದು ಇಷ್ಟು. ಅವತ್ತಿಗೆ ನಮ್ಮ ಮದುವೆಯಾಗಿ ಇಪ್ಪತ್ತಾರು ವರ್ಷ ತುಂಬಿತ್ತು. ಬೇಳೆ ರುಬ್ಬಿ, ಹೂರಣ ಮಾಡಿ, ಹೋಳಿಗೆ ಬಡಿಸಿದೆ. ಇವರು ನಾಲ್ಕು ಹೋಳಿಗೆ ತಿಂದರು. "ಹೆಂಗಿದೆ?" ಅಂದೆ. "ಹ್ಞೂ" ಅಂದರು. ಎದ್ದು ಪಡಸಾಲೆಗೆ ಹೋಗಿ ರೇಡಿಯೋ ಬಿಚ್ಚಿಕೊಂಡು ಕೂತರು. ಬೆಳಿಗ್ಗೆ ಗಿರಣಿ ಕಟ್ಟೆಯ ಮೇಲೆ ಕೂತ ಹೆಂಗಸರು ಬೇರೆ ಇವರ ವಿಷಯ ಎತ್ತಿ ನಕ್ಕಿದ್ದರು. ಎಲ್ಲ ಸೇರಿ ನನಗೆ ತಲೆ ಕೆಟ್ಟುಹೋಯಿತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕಿರುಚಿದೆ. ನಾನು ಬಾಯಿ ತೆರೆದ ತಕ್ಷಣ ಇವರು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಮಾತು ಅಲ್ಲೇ ನಿಂತಿತು. "ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ!" ನನಗೆ ನೆನಪಿದ್ದದ್ದೂ ಇಷ್ಟೇ, ಹೊಸ್ತಿಲು ದಾಟುವಾಗ ಕೇಳುತ್ತಿದ್ದದ್ದೂ ಇಷ್ಟೇ.

ನಮ್ಮದು ಅಡುಗೆಮನೆಯಲ್ಲೇ ಊಟ. ಎರಡು ದಿನ ಇವರು ಊಟಕ್ಕೆ ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ ಅದನ್ನು ಕೇಳಿಸಿಕೊಂಡರು. ಮೂರನೆಯ ದಿನ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಗಿರಣಿಗೆ ಹೋದವರು ಅಲ್ಲೇ ಉಳಿದರು. ಆಮೇಲೆ ನಾನು ಗಿರಣಿಯೊಳಗೆ ಕಾಲಿಡಲಿಲ್ಲ. ಊಟದ ಡಬ್ಬಿ ಗಿರಣಿಯ ಕಿಟಕಿಯಲ್ಲಿ ಇಡುವುದು, ಅವರು ಉಂಡು ಖಾಲಿ ಡಬ್ಬಿ ಅಲ್ಲೇ ಇಡುವುದು. ಒಂದು ದಿನ ಧೈರ್ಯ ಮಾಡಿ ಗಿರಣಿಗೇ ಹೋಗಿ "ತಪ್ಪಾಯ್ತು ಕಣ್ರೀ" ಅಂದೆ. ಮೆಣಸಿನಕಾಯಿ ಬೀಸುತ್ತಿದ್ದರು, ಮೋಟಾರಿನ ಸದ್ದು ಬೇರೆ. ಸಣ್ಣಗೆ ಬೀಸಬೇಕು ಅಂತ ಯಾರೋ ಗಿರಾಕಿ ಹೇಳಿದ ಹಾಗೆ ತಲೆಯಾಡಿಸಿದರು. ಎರಡನೆಯ ಸಲ ಹೇಳಲು ನನಗೆ ಬಾಯಿ ಬರಲಿಲ್ಲ. ಮಗಳು ಪಕ್ಕದ ಓಣಿಯಲ್ಲೇ ಇದ್ದಾಳೆ, ಆದರೆ ಅವಳ ಮನೆಯ ಜಗಳ ಅವಳಿಗೆ ಸಾಕಾಗಿದೆ.

ಆಮೇಲೆ ನನಗೆ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಕೈ ನಡುಕ, ಊಟ ಸೇರದು, ಕಾಲಿನ ಸಪ್ಪಳ ಆದರೆ ಬೆವರು. ಆರೋಗ್ಯ ಕೇಂದ್ರದ ಫ್ಲೋರಿನ್ ಸಿಸ್ಟರ್ ಬಿಪಿ ನೋಡಿದರು, ರಕ್ತ ನೋಡಿದರು, ಡಾಕ್ಟರಿಗೆ ತೋರಿಸಿದರು. "ಎದೇಲಿ ಏನೂ ಇಲ್ಲ ಮಂಗಳಕ್ಕ, ಇದು ಗಾಬರಿ. ಫೋನಲ್ಲೇ ಮಾತಾಡಿ ವಾಸಿ ಮಾಡೋ ಮೇಡಂ ಒಬ್ರು ಇದಾರೆ, ಬೇರೆ ಊರವರು. ವಾರಕ್ಕೊಂದ್ಸಲ ಮುಖ ನೋಡ್ಕೊಂಡು ಮಾತಾಡ್ಬೋದು" ಎಂದರು. "ಮಾತಿನಿಂದಾನೇ ಇಷ್ಟಾಗಿದ್ದು, ಇನ್ನೂ ಮಾತಾಡು ಅಂತೀರಲ್ಲ ಸಿಸ್ಟರ್" ಎಂದು ನಾನು ಎದ್ದೆ. ಅವರು ನನ್ನ ಸೆರಗು ಹಿಡಿದು ಕೂರಿಸಿ ದನಿ ತಗ್ಗಿಸಿದರು. "ನಿಮ್ಮ ಯಜಮಾನ್ರು ನಿನ್ನೆ ಬಂದಿದ್ರು. ಎರಡು ತಿಂಗಳ ಬಿಪಿ ಮಾತ್ರೆ ಒಟ್ಟಿಗೆ ಕೊಡಿ, ತಮ್ಮನ ಊರಿಗೆ ಹೋಗ್ತಿದೀನಿ, ಅಲ್ಲಿ ಗಿರಣಿ ನೋಡ್ಕೊಳ್ಳೋರು ಬೇಕಂತೆ ಅಂದ್ರು. ಮುಂದಿನ ಹುಣ್ಣಿಮೆ ಕಳೆದ ಸೋಮವಾರವಂತೆ."

ಮುರಿಗೆಪ್ಪನವರ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದಿದೆ ಎಂದರೆ ಅದು ನಿಜವೇ ಇರಬೇಕು. ಲೆಕ್ಕ ಹಾಕಿದೆ, ಐದು ವಾರ ಇತ್ತು. "ಆಯ್ತು, ಆ ಮೇಡಂನ ಹಿಡ್ಕೊಡಿ" ಎಂದೆ.

ಸಿಸ್ಟರ್ ನನ್ನ ಫೋನಿನಲ್ಲಿ ಎಲ್ಲ ಸರಿ ಮಾಡಿ ಕೊಟ್ಟರು. ಎಲ್ಲಿ ಕೂತು ಮಾತಾಡುವುದು ಎನ್ನುವುದೇ ದೊಡ್ಡ ಯೋಚನೆಯಾಯಿತು. ನಮ್ಮ ಮನೆಯಲ್ಲಿ ಒಂದೂ ಮಾತು ನಿಂತಿಲ್ಲದ ಜಾಗ ಎಂದರೆ ದೇವರಮನೆ. ಗುರುವಾರ ಹನ್ನೊಂದು ಗಂಟೆಗೆ ಫೋನನ್ನು ವಿಭೂತಿ ಬಟ್ಟಲಿಗೆ ಒರಗಿಸಿ ಕೂತೆ. ಪರದೆಯಲ್ಲಿ ಒಂದು ಮುಖ ಬಂತು, ಮೂವತ್ತು ದಾಟಿರಬಹುದು, ಹಣೆಯಲ್ಲಿ ಸಣ್ಣ ಬೊಟ್ಟು. ದೇವರ ಸಾಲಿನಲ್ಲಿ ಇದ್ದದ್ದಕ್ಕೋ ಏನೋ ನಾನು ಎರಡೂ ಕೈ ಎತ್ತಿ ಮುಗಿದೆ. ಆ ಕಡೆಯಿಂದ ಅವರೂ ಗಾಬರಿಯಾಗಿ ಮುಗಿದರು. ಹೆಸರು ವೈಜಯಂತಿ.

"ಸರ್ವಮಂಗಳಾ ಅವರೇ, ನಾವು ಮಾತಾಡಿ ಮುಗಿಸಿದ ಮೇಲೆ ಏನು ಬದಲಾಗಿದ್ರೆ, ಪರವಾಗಿಲ್ಲ ಉಪಯೋಗ ಆಯ್ತು ಅಂತ ನಿಮಗೆ ಅನ್ಸುತ್ತೆ?" ಎಂದು ಕೇಳಿದರು.

ನನಗೆ ತಬ್ಬಿಬ್ಬಾಯಿತು. ಡಾಕ್ಟರ ಹತ್ತಿರ ಹೋದರೆ ಏನಾಗಿದೆ ಅಂತ ಕೇಳುತ್ತಾರೆ, ಈಯಮ್ಮ ಏನಾಗಬೇಕು ಅಂತ ಕೇಳುತ್ತಾಳಲ್ಲ! ನಾನು ನನ್ನ ದಾರಿಯಲ್ಲೇ ಹೊರಟೆ. ಹೆಣ್ಣು ನೋಡಲು ಬಂದಾಗ ಇವರು ಉಪ್ಪಿಟ್ಟಿನ ತಟ್ಟೆ ನೋಡಿಕೊಂಡು ಕೂತದ್ದರಿಂದ ಶುರುಮಾಡಿ, ಅತ್ತೆ, ನಾದಿನಿ, ಸೀಮಂತದಲ್ಲಿ ಆದ ಅವಮಾನ ಎಲ್ಲ ಹೇಳಿದೆ. ಹೊಸ್ತಿಲಿನ ವಿಷಯವನ್ನೂ ಹೇಳಿದೆ. "ಆ ಮಾತು ಅಲ್ಲೇ ನಿಂತ್ಬಿಟ್ಟಿದೆ ಮೇಡಂ, ದಾಟಿದಾಗೆಲ್ಲ ಕೇಳ್ಸುತ್ತೆ" ಎಂದೆ. "ಹೌದು, ಕೆಲವು ಮಾತು ಹಾಗೇ ನಿಂತುಬಿಡುತ್ತೆ" ಎಂದು ಅವರು ಮರುಕದಿಂದ ತಲೆಯಾಡಿಸಿದರು. ಪಾಪ, ಬೇರೆ ಊರವರು, ನಿಂತದ್ದು ನನ್ನ ಮನಸ್ಸಿನಲ್ಲಿ ಎಂದು ತಿಳಿದುಕೊಂಡಿದ್ದರು. ಫೋನಿನಲ್ಲಿ ಆ ಮಾತು ಕೇಳಿಸುವುದೂ ಇಲ್ಲ. ನಾನು ತಿದ್ದಲು ಹೋಗಲಿಲ್ಲ. ಹೇಳಿದರೆ ಬೇರೆ ಮಾತ್ರೆ ಬರೆಸಿಕೊಡುತ್ತಿದ್ದರು.

ಎಲ್ಲ ಕೇಳಿದ ಮೇಲೆ ಅವರು, "ಇದರ ಬದಲಿಗೆ ಏನಿರಬೇಕು ಅಂತೀರಿ?" ಎಂದರು. ಆಮೇಲೆ ಗೊತ್ತಾಯಿತು, ಇದು ಅವರ ಅಭ್ಯಾಸ. ನಾನು ಏನು ಹೇಳಿದರೂ "ಬದಲಿಗೆ?" ಅನ್ನುವುದು. ಅವರು ಮಾತಾಡದೆ ಕೂರುವುದು ಬೇಡ ಅಂದರೆ, ಬದಲಿಗೆ? ಈ ಎದೆ ಹೊಡೆದುಕೊಳ್ಳುವುದು ಬೇಡ ಅಂದರೆ, ಬದಲಿಗೆ? ತರಕಾರಿಯವನ ಹತ್ತಿರ ಕೊಳೆತ ಟೊಮೇಟೊ ವಾಪಸ್ಸು ಕೊಡಲು ಹೋದ ಹಾಗೆ ಆಗುತ್ತಿತ್ತು. ಕೊನೆಗೆ ರೇಗಿ, "ಅವರು ಒಳಗೆ ಬಂದು ಊಟ ಮಾಡ್ಬೇಕು, ಅಷ್ಟೇ!" ಎಂದೆ. ದೇವರಮನೆಯಲ್ಲಿ ಸಿಟ್ಟು ಮಾಡಿಕೊಂಡೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಸದ್ಯ, ನಿಲ್ಲುವಷ್ಟು ಸಿಟ್ಟಾಗಿರಲಿಲ್ಲ.

"ಒಳ್ಳೇದು. ಈಗ ಒಂದು ಅಳತೆ ಹೇಳಿ. ಸೊನ್ನೆ ಅಂದ್ರೆ ಎಲ್ಲ ಕೆಟ್ಟುಹೋಗಿರೋದು, ಹತ್ತು ಅಂದ್ರೆ ನೀವು ಹೇಳಿದ ಹಾಗೆ ಇರೋದು. ಇವತ್ತು ಎಷ್ಟರಲ್ಲಿದೀರಿ?"

"ಒಂದೂವರೆ." ಗಿರಣಿಯವಳಿಗೆ ತೂಕ ಹೇಳಲು ಯೋಚನೆ ಬೇಕಿಲ್ಲ.

"ಸೊನ್ನೆ ಯಾಕಲ್ಲ? ಆ ಒಂದು ಎಲ್ಲಿಂದ ಬಂತು?"

ಇಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. "ಡಬ್ಬಿ ತೊಳೆದು ಇಡ್ತಾರೆ ಮೇಡಂ" ಎಂದೆ.

"ಉಳಿದ ಅರ್ಧ?"

"ಬರೀ ತೊಳೆದಿಡಲ್ಲ. ಒರೆಸಿ ಇಡ್ತಾರೆ." ಹಾಗೆ ಹೇಳುವಾಗ ನನಗೆ ಅಳು ಬಂದುಬಿಟ್ಟಿತು. ಮೂರು ತಿಂಗಳು ಆ ಒಣಗಿದ ಡಬ್ಬಿಯನ್ನು ಕೈಯಲ್ಲಿ ಹಿಡಿದಿದ್ದೆ, ಒಂದು ದಿನವೂ ಅದನ್ನು ಯಾರೋ ಒರೆಸಿದ್ದಾರೆ ಎಂದು ನೋಡಿರಲಿಲ್ಲ.

ಎರಡನೆಯ ಗುರುವಾರ ವೈಜಯಂತಿ ಮೇಡಂ ಇನ್ನೂ ವಿಚಿತ್ರವಾದದ್ದು ಕೇಳಿದರು. "ಒಂದು ಊಹೆ ಮಾಡ್ಕೊಳ್ಳಿ. ನೀವು ನಿದ್ದೆ ಮಾಡ್ತಿರುವಾಗ ಒಂದು ಪವಾಡ ಆಯ್ತು, ಈ ತೊಂದರೆ ಎಲ್ಲ ಬಗೆಹರೀತು. ನಿಮಗೆ ಗೊತ್ತಿಲ್ಲ, ನಿದ್ದೇಲಿದ್ರಿ. ಎದ್ದ ಮೇಲೆ ಮೊದಲು ಏನು ನೋಡಿ, ಓ ಪವಾಡ ಆಗಿದೆ ಅಂತ ಗೊತ್ತಾಗುತ್ತೆ?"

"ನಮ್ಮೂರಲ್ಲಿ ಪವಾಡ ಜಾಸ್ತಿ ಆಗಿರೋದೇ ತೊಂದರೆ ಮೇಡಂ" ಎಂದೆ. ಅವರು ನಕ್ಕರು, ಆದರೆ ಬಿಡಲಿಲ್ಲ. ಆ ಪುಣ್ಯಾತ್ಗಿತ್ತಿ ಸುಮ್ಮನೆ ಕಾಯುವುದರಲ್ಲಿ ನಮ್ಮನೆಯವರನ್ನೂ ಮೀರಿಸುತ್ತಾರೆ. ನಾನೂ ಕಣ್ಣು ಮುಚ್ಚಿ ನೋಡಿದೆ. "ಮಧ್ಯಾಹ್ನ ಗಿರಣಿ ನಿಲ್ಲಿಸಿ, ಕೈಕಾಲು ತೊಳ್ಕೊಂಡು, ಹೊಸ್ತಿಲು ದಾಟಿ ಬರ್ತಾರೆ. ಮಣೆ ಮೇಲೆ ಕೂರ್ತಾರೆ. ಒಂದು ತುತ್ತು ಬಾಯಿಗಿಟ್ಟು..."

"ಇಟ್ಟು?"

"ಸಾರಿಗೆ ಉಪ್ಪು ಕಮ್ಮಿ ಅಂತಾರೆ."

"ಅದು ನಿಮಗೆ ಖುಷಿ ಕೊಡುತ್ತಾ?"

"ಇಪ್ಪತ್ತಾರು ವರ್ಷ ಅಡುಗೆ ಮಾಡಿ ಹಾಕಿದೀನಿ ಮೇಡಂ. ಉಪ್ಪು ಹೆಚ್ಚೋ ಕಮ್ಮಿಯೋ ಒಂದಿನ ಹೇಳಿಲ್ಲ. ಹೇಳಿದ್ರೆ ಹಬ್ಬ ಮಾಡ್ತೀನಿ."

ಮೇಡಂ ಅದನ್ನು ಬರೆದುಕೊಂಡರು. ಉಪ್ಪು ಕಮ್ಮಿ ಎನ್ನುವುದನ್ನು ಅಷ್ಟು ಶ್ರದ್ಧೆಯಿಂದ ಬರೆದುಕೊಂಡವರನ್ನು ನಾನು ಮೊದಲ ಸಲ ನೋಡಿದ್ದು.

ಮೂರನೆಯ ವಾರ, "ಈ ಮೂರು ತಿಂಗಳಲ್ಲಿ ಎದೆ ಹೊಡ್ಕೊಳ್ಳದೆ, ಹಗುರವಾಗಿ ಇದ್ದ ದಿನ ಯಾವುದಾದ್ರೂ ಇದೆಯಾ? ಅರ್ಧ ದಿನ ಆದ್ರೂ ಸರಿ" ಎಂದರು. ಇಲ್ಲ ಅಂದೆ. ಕಾದರು. ಇಲ್ಲವೇ ಇಲ್ಲ ಅಂದೆ. ಮತ್ತೂ ಕಾದರು. ಆಗ ನೆನಪಾಯಿತು. ಅಮಾವಾಸ್ಯೆಯ ಮಾರನೆಯ ದಿನ ಸಂಡಿಗೆ ಇಟ್ಟಿದ್ದೆ. ದೊಡ್ಡ ಹಲಗೆಯ ಮೇಲೆ ಸಾಲಾಗಿ ಇಟ್ಟು ಬಿಸಿಲಿಗೆ ಒಯ್ಯುವಾಗ ಹಲಗೆ ಅಡುಗೆಮನೆಯ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬಿಟ್ಟರೆ ಸಂಡಿಗೆ ನೆಲಕ್ಕೆ. ಹೊಸ್ತಿಲಲ್ಲೇ ಕಾಲು ಗಂಟೆ ಒದ್ದಾಡಿದೆ. ಕಿವಿಯ ಹತ್ತಿರ ಆ ಮಾತು ಬಡಬಡ ಅನ್ನುತ್ತಲೇ ಇತ್ತು, ನನಗೆ ಸಂಡಿಗೆಯದೇ ಚಿಂತೆ. ಆದರೆ ಅವತ್ತು ಮಧ್ಯಾಹ್ನ ಯಾಕೋ ಹೊಟ್ಟೆ ತುಂಬ ಊಟ ಮಾಡಿದೆ, ಒಂದು ನಿದ್ದೆಯೂ ತೆಗೆದೆ.

"ಅವತ್ತು ಬೇರೆ ದಿನಕ್ಕಿಂತ ಬೇರೆ ಏನು ಮಾಡಿದ್ರಿ?"

"ಏನಿಲ್ಲ ಮೇಡಂ, ಹೊಸ್ತಿಲಲ್ಲಿ ಸಿಕ್ಕಾಕ್ಕೊಂಡಿದ್ದೆ."

"ಅದರಿಂದ ಉಪಯೋಗ ಆದ ಹಾಗಿದೆ. ಈ ವಾರ ಅದನ್ನೇ ಇನ್ನೊಂದು ಸಲ ಮಾಡಿ ನೋಡ್ತೀರಾ?"

ಫೋನು ಇಟ್ಟ ಮೇಲೆ ಈಕೆಗೆ ತಲೆ ನೆಟ್ಟಗಿಲ್ಲ ಎಂದು ದೇವರಿಗೆ ಹೇಳಿದೆ. ಹೊಸ್ತಿಲ ಮೇಲೆ ಕೂರಬಾರದು, ನಿಲ್ಲಬಾರದು ಎಂದು ಹುಟ್ಟಿದಾಗಿನಿಂದ ಬೈಸಿಕೊಂಡವಳು ನಾನು. ಅದರ ಮೇಲೆ ಸಿಟ್ಟಿನ ಮಾತು ನಿಂತ ಹೊಸ್ತಿಲು. ಯಾರಾದರೂ ಬೇಕಂತಲೇ ನಿಲ್ಲುತ್ತಾರೆಯೇ? ಶುಕ್ರವಾರ ನಿಲ್ಲಲಿಲ್ಲ, ಶನಿವಾರ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಹಾಳಾಗಿ ಹೋಗಲಿ ಎಂದು ಖಾಲಿ ಹಲಗೆಯನ್ನು ಎತ್ತಿಕೊಂಡು ಹೋಗಿ, ಬಾಗಿಲಿಗೆ ಅಡ್ಡ ಸಿಕ್ಕಿಸಿಕೊಂಡು ನಿಂತೆ. ಯಾರಾದರೂ ನೋಡಿದರೆ ಸಂಡಿಗೆ ಅನ್ನಬಹುದಲ್ಲ ಎಂದು.

"ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದು ನನ್ನ ದನಿ ಶುರುವಾಯಿತು. ಅಯ್ಯೋ, ಎಂಥ ಕರ್ಕಶ! ಓಡಿಬಿಡಬೇಕು ಅನ್ನಿಸಿತು. ಹಲಗೆ ಹಿಡಿದುಕೊಂಡೆ. ದನಿ ನಿಲ್ಲಲಿಲ್ಲ, ಮುಂದೆ ಹೋಯಿತು. "...ಅಂತ ಆ ಗಿರಣಿ ಕಟ್ಟೆ ಹೆಂಗಸರು ಅಂದ್ರೆ ನನ್ ಹೊಟ್ಟೇಗೆ ಬೆಂಕಿ ಬಿದ್ದಂಗಾಗುತ್ತೆ ಕಣ್ರೀ! ನನ್ ಮುಂದೆ ನಿಮ್ಮನ್ನ ಹಂಗನ್ನೋಕೆ ಅವರ್ಯಾರು? ಒಂದ್ ಮಾತಾದ್ರೂ ಆಡ್ರೀ, ನಿಮ್ ಕಾಲಿಗ್ ಬೀಳ್ತೀನಿ!"

ಹಲಗೆ ಕೈಯಿಂದ ಜಾರಿ ಹೆಬ್ಬೆರಳ ಮೇಲೆ ಬಿತ್ತು. ನೋವಾದದ್ದು ಆಮೇಲೆ ಗೊತ್ತಾಯಿತು. 'ಅಂತ'! ಮಾತು ಮುಗಿದದ್ದು ಅಲ್ಲಿ ಅಲ್ಲವೇ ಅಲ್ಲ. ಅದು ನನ್ನ ಮಾತೇ ಅಲ್ಲ, ಆ ಕಟ್ಟೆಯ ಹೆಂಗಸರು ಅಂದದ್ದು. ಅದನ್ನು ಹೇಳಿ ನಾನು ಸಿಟ್ಟಾದದ್ದು ಅವರ ಮೇಲೆ. ಆದರೆ ಆ 'ಅಂತ' ಬರುವುದರೊಳಗೆ ಇವರು ಬೀದಿಗೆ ಇಳಿದಿದ್ದರು. ಆಮೇಲೆ ಇಬ್ಬರೂ ಊರಿನ ಪದ್ಧತಿಯಂತೆ ತಲೆ ತಗ್ಗಿಸಿ ಬಿರಬಿರನೆ ದಾಟಿದೆವು. ಹೊಸ್ತಿಲು ದಾಟಲು ಬೇಕಾಗುವುದು ಒಂದೇ ಹೆಜ್ಜೆ, ಒಂದು ಹೆಜ್ಜೆಗೆ ಅಷ್ಟೇ ಮಾತು ಕೇಳುತ್ತದೆ. ದಿನಕ್ಕೆ ಹತ್ತು ಸಲ ಅರ್ಧ ಮಾತು ಕೇಳಿ ಕೇಳಿ, ಅಂದವಳು ನಾನೇ ಆದರೂ ಉಳಿದರ್ಧ ನನಗೇ ಮರೆತುಹೋಗಿತ್ತು. ನಾನು ಹೊಸ್ತಿಲಲ್ಲೇ ನಿಂತು ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಅಳು, ನಗು ಎರಡೂ ಬಂತು. ಯಾವುದಕ್ಕೆ ಯಾವುದು ಅಂತ ಕೇಳಬೇಡಿ.

ನಾಲ್ಕನೆಯ ಗುರುವಾರ ಫೋನು ಹತ್ತಿದ ತಕ್ಷಣ "ಐದು ಮೇಡಂ, ಐದು!" ಎಂದು ಕೂಗಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಓಡಿಹೋಗದೆ ಕೊನೇವರೆಗೂ ನಿಂತು ಕೇಳಿದ್ರಲ್ಲ, ಅದು ಸುಲಭ ಅಲ್ಲ. ಹೇಗೆ ಮಾಡಿದ್ರಿ?" ಎಂದು ಹೊಗಳಿದರು. ನನ್ನನ್ನು ಹೊಗಳಿದವರು ಕಡಿಮೆ, ಮುಖ ಬಿಸಿಯಾಯಿತು. "ಈಗ ಅವರನ್ನ ನಿಲ್ಲಿಸ್ಬೇಕಲ್ಲ ಮೇಡಂ. ಹೋಗಿ ಹೇಳಿದ್ರೆ ಹ್ಞೂ ಅಂತಾರೆ. ನಂಬಿದ್ರೋ ಬಿಟ್ರೋ ಹೇಗೆ ಗೊತ್ತಾಗ್ಬೇಕು? ಇನ್ನು ಹತ್ತೇ ದಿನ ಇರೋದು."

ಉಪಾಯ ಹೇಳಿಕೊಡುತ್ತಾರೆ ಎಂದು ಕಾದೆ. ಅವರು ಹೇಳುವವರಲ್ಲ, ಕೇಳುವವರು. "ಅವರ ಯಾವ ಗುಣದ ಮೇಲೆ ನಿಮಗೆ ಪೂರ್ತಿ ನಂಬಿಕೆ ಇದೆ?"

"ಕೆಟ್ಟಿದ್ದನ್ನ ರಿಪೇರಿ ಮಾಡದೆ ಬಿಡಲ್ಲ" ಎಂದೆ. ಅಂದವಳ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಯಿತು. ಆಮೇಲೆ ನಾನೇ "ಫೋನ್ ಇಡ್ಲಾ ಮೇಡಂ, ಸ್ವಲ್ಪ ಕೆಲಸ ಇದೆ" ಎಂದೆ.

ಅಡುಗೆಮನೆಯ ಬಾಗಿಲಿಗೆ ಎರಡು ಬಿಜಾಗರಿ. ಮೇಲಿನ ಬಿಜಾಗರಿಯ ಒಂದು ಸ್ಕ್ರೂ ಸಡಿಲ ಮಾಡೋಣ ಎಂದುಕೊಂಡವಳು, ಗಿರಣಿಯವಳ ಕೈ ನೋಡಿ, ನಾಲ್ಕನ್ನೂ ಕಿತ್ತುಬಿಟ್ಟೆ. ಬಾಗಿಲು ಕುಡುಕನ ಹಾಗೆ ವಾಲಿತು. ಮಾರನೆಯ ದಿನ ಡಬ್ಬಿಯಲ್ಲಿ ಚೀಟಿ ಇಟ್ಟೆ: 'ಅಡುಗೆಮನೆ ಬಾಗಿಲು ಜೋತುಬಿದ್ದಿದೆ.' ಡಬ್ಬಿ ತೊಳೆದು, ಒರೆಸಿ ಬಂತು, ಉತ್ತರ ಇಲ್ಲ. ಶನಿವಾರ ಇಲ್ಲ. ಆ ವಾರವೆಲ್ಲ ಇಲ್ಲ. ಗುರುವಾರ ಮೇಡಂಗೆ "ಮೂರಕ್ಕೆ ಇಳಿದೆ" ಎಂದೆ. "ಮೂರರಲ್ಲಿ ನಿಲ್ಲಿಸಿದ್ದು ಯಾವುದು?" ಎಂದರು. "ಅವರ ಬ್ಯಾಗು ಇನ್ನೂ ಅಟ್ಟದ ಮೇಲೇ ಇದೆ" ಎಂದೆ.

ಬ್ಯಾಗಿಗೇ ಬಂದರು, ಭಾನುವಾರ ಮಧ್ಯಾಹ್ನ. ಸೋಮವಾರದ ಬಸ್ಸಿಗೆ ಬಟ್ಟೆ ತುಂಬಿಕೊಳ್ಳಬೇಕಿತ್ತು. ಪಡಸಾಲೆಯಲ್ಲಿ ಸ್ಟೂಲು ಹಾಕಿ ಹತ್ತಿ, ಬ್ಯಾಗು ಇಳಿಸಿ, ಧೂಳು ಕೊಡವಿ, ತಲೆ ಎತ್ತಿದರು. ವಾಲಿದ ಬಾಗಿಲು ಕಂಡಿತು. ನಾನು ಒಲೆಯ ಮುಂದೆ ಸಾರು ತಿರುವುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಹೋಗುವವರು ಹೋಗಬಹುದಿತ್ತು. ಎರಡು ಹೆಜ್ಜೆ ಹೊರಬಾಗಿಲ ಕಡೆ ಹೋದರು. ನಿಂತರು. ಬ್ಯಾಗು ಕೆಳಗಿಟ್ಟು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು.

ಹೊಸ್ತಿಲಿಗೆ ಕಾಲಿಟ್ಟ ತಕ್ಷಣ ನನ್ನ ದನಿ ಹೊರಟಿತು. ಇವರು ತಲೆ ತಗ್ಗಿಸಿದರು. ಆದರೆ ಬಾಗಿಲಿನ ಭಾರ ಹೆಗಲ ಮೇಲಿದೆ, ಬಿಟ್ಟರೆ ಬೀಳುತ್ತದೆ. ಒಂದನೆಯ ಸ್ಕ್ರೂ ತಿರುಗಿಸುವಾಗ 'ಇಲ್ದಿದ್ರೂ ಒಂದೇ' ದಾಟಿ 'ಅಂತ' ಬಂತು. ಸ್ಕ್ರೂಡ್ರೈವರ್ ನಿಂತಿತು. ಮಾತು ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಎರಡನೆಯ ಸ್ಕ್ರೂ ನಿಧಾನಕ್ಕೆ ಹೋಯಿತು. ಮೂರನೆಯದು ಇನ್ನೂ ನಿಧಾನ. ನಾಲ್ಕನ್ನೂ ಹಾಕಿ, ಬಾಗಿಲನ್ನು ಎರಡು ಸಲ ಆಡಿಸಿ ನೋಡಿದ ಮೇಲೂ ಇವರು ಅಲ್ಲೇ ನಿಂತಿದ್ದರು. ಕಿವಿ ಕೆಂಪಾಗಿತ್ತು.

"ಈ ಸ್ಕ್ರೂ ತಾನಾಗೇ ಬಿಚ್ಕೊಂಡಿದ್ದಲ್ಲ" ಎಂದರು.

"ಅಲ್ಲ" ಎಂದೆ.

"ಇಷ್ಟುದ್ದ ಇತ್ತಾ ಇದು?"

"ನನಗೂ ಗೊತ್ತಿರ್ಲಿಲ್ಲ ಕಣ್ರೀ. ಹೋದ್ ಭಾನುವಾರದ ಹಿಂದಿನ ಭಾನುವಾರ ಗೊತ್ತಾಯ್ತು."

ಆಗ ಆದದ್ದನ್ನು ನಾನು ಯಾವ ಜನ್ಮದಲ್ಲೂ ಎಣಿಸಿರಲಿಲ್ಲ. ಇವರ ಕತ್ತಿನ ನರ ಉಬ್ಬಿತು. "ಗೊತ್ತಾದ್ಮೇಲಾದ್ರೂ ಹೇಳ್ಬಾರ್ದೇನೇ?" ಎಂದು ಕೂಗಿದರು. ಗಿರಣಿಯ ಮೋಟಾರಿಗಿಂತ ಜೋರು! "ನಾಕ್ ತಿಂಗ್ಳಾಗ್ತಾ ಬಂತು! ರಸ್ತೆ ದಾಟಿ ಬಂದು, ಬನ್ರೀ ಊಟಕ್ಕೆ ಅಂತ ಒಂದ್ಸಲ ಕರೆಯೋಕ್ ಆಗ್ಲಿಲ್ವಾ? ದಿನಾ ಕಿಟಕೀಲಿ ಡಬ್ಬಿ ಇಟ್ಟು ಓಡ್ತಿದ್ಯಲ್ಲ, ಅದರೊಳಗೆ ಚೀಟಿ ಇರುತ್ತೇನೋ ಅಂತ ಅನ್ನ ಕೆದಕಿ ಕೆದಕಿ ನೋಡ್ತಿದ್ದೆ ಕಣೇ ನಾನು! ಕೊನೇಗೊಂದು ಬಂತು, ಬಾಗಿಲು ಜೋತುಬಿದ್ದಿದೆ ಅಂತೆ, ಬಾಗಿಲು!"

ಅಷ್ಟು ಅಂದು, ತಾವೇ ಬೆಚ್ಚಿಬಿದ್ದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಸಾರು ಕುದ್ದು ಉಕ್ಕಿ ಒಲೆಗೆ ಸುರಿಯುತ್ತಿತ್ತು, ನಾನು ಸೌಟು ಹಿಡಿದು ಹಾಗೇ ನಿಂತಿದ್ದೆ. "ಮನೆ ಕೆಡಿಸ್ಬಿಟ್ಟೆ" ಎಂದು ಗೊಣಗಿ, ಗಾಬರಿ ಬಿದ್ದು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಆಮೇಲೆ, ಕೂಗಿದ್ದು ನಿಜವೋ ಸುಳ್ಳೋ ಎಂದು ನೋಡುವವರ ಹಾಗೆ, ಮತ್ತೆ ಹೊಸ್ತಿಲಿಗೆ ಕಾಲಿಟ್ಟರು. ನನ್ನ ಮಾತು ಮೊದಲಿನಿಂದ ಶುರುವಾಗಿ 'ಒಂದ್ ಮಾತಾದ್ರೂ ಆಡ್ರೀ, ನಿಮ್ ಕಾಲಿಗ್ ಬೀಳ್ತೀನಿ' ಎಂದು ಮುಗಿಯಿತು. ಅದರ ಬೆನ್ನಿಗೇ ಇವರ ದನಿ ಬಂತು: 'ಗೊತ್ತಾದ್ಮೇಲಾದ್ರೂ ಹೇಳ್ಬಾರ್ದೇನೇ?' ನಾನು ಕೇಳಿದ್ದಕ್ಕೆ ಇವರು ಉತ್ತರ ಕೊಟ್ಟ ಹಾಗೆ. ತಮ್ಮ ದನಿಯನ್ನು ತಾವೇ ತಲೆ ವಾರೆ ಮಾಡಿಕೊಂಡು ಪೂರ್ತಿ ಕೇಳಿದರು. "ನನ್ ಗಂಟಲು ಹಿಂಗಿದ್ಯಾ?" ಎಂದರು.

"ಚೆನ್ನಾಗಿದೆ" ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಕೈಕಾಲು ತೊಳೆದುಕೊಂಡು ಒಳಗೆ ಬಂದು ಮಣೆಯ ಮೇಲೆ ಕೂತರು. ಬಡಿಸಿದೆ. ಕೈ ನಡುಗಲಿಲ್ಲ. ಒಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ನನ್ನ ಮುಖ ನೋಡಿದರು. ಏನೋ ಹೇಳಬೇಕು ಎಂದು ಬಹಳ ಕಷ್ಟಪಡುತ್ತಿದ್ದರು, ಪಾಪ. "ಉಪ್ಪು..." ಎಂದರು. "ಉಪ್ಪು?" ಎಂದೆ, ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಇದು ಬೇರೆ ಥರ. "ಜಾಸ್ತಿ ಆಗಿದೆ" ಎಂದರು. ಸಾರು ಉಕ್ಕಿದ ಗಡಿಬಿಡಿಯಲ್ಲಿ ಎರಡು ಸಲ ಹಾಕಿದ್ದೆ ಅಂತ ಕಾಣುತ್ತದೆ. ನಾನು ನಕ್ಕ ನಗುವಿಗೆ ಎದುರು ಗಿರಣಿಯ ಕಟ್ಟೆಯಲ್ಲಿ ಕೂತವರು ಎದ್ದು ನೋಡಿದರಂತೆ.

ಬ್ಯಾಗು ಮತ್ತೆ ಅಟ್ಟ ಹತ್ತಿತು. ತಮ್ಮನ ಗಿರಣಿಗೆ ತಮ್ಮನೇ ಯಾರನ್ನೋ ನೋಡಿಕೊಂಡ. ಗುರುವಾರ ವೈಜಯಂತಿ ಮೇಡಂಗೆ "ಎಂಟೂವರೆ" ಎಂದೆ. ಹತ್ತಕ್ಕೆ ಇನ್ನೇನು ಬೇಕು ಎಂದರು. "ಬೇಡ ಮೇಡಂ, ತೂಕ ಯಾವಾಗ್ಲೂ ಸ್ವಲ್ಪ ಕಮ್ಮಿ ಇದ್ರೇನೇ ಚೆನ್ನ, ಗಿರಾಕಿ ಮತ್ತೆ ಬರ್ತಾನೆ" ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಇನ್ನು ಪ್ರತಿ ವಾರ ಕರೆ ಮಾಡುವ ಅಗತ್ಯವಿಲ್ಲ ಎಂದು ಅವರೇ ಹೇಳಿದರು. ಫೋನು ತೆಗೆದ ಮೇಲೆ ವಿಭೂತಿ ಬಟ್ಟಲ ಹತ್ತಿರ ಸ್ವಲ್ಪ ಬರಿದು ಬರಿದು ಅನ್ನಿಸಿತು.

ಇವರು ಈಗಲೂ ಮಾತಿನ ಮಲ್ಲರೇನಲ್ಲ. ಊಟ ಮಾಡುವಾಗ ಒಂದು, ಬಹಳ ಆದರೆ ಎರಡು. ಉಪ್ಪಿನ ವಿಷಯ ತಪ್ಪದೆ ಹೇಳುತ್ತಾರೆ, ಕೆಲವು ದಿನ ಸರಿಯಾಗಿದ್ದರೂ ಏನಾದರೊಂದು ಹೇಳಬೇಕಲ್ಲ ಎಂದು ಹೇಳುತ್ತಾರೆ. ಮಗಳು ಬಂದವಳು ಹೊಸ್ತಿಲಲ್ಲಿ ನಮ್ಮಿಬ್ಬರ ದನಿ ಕೇಳಿ, "ಇಸ್ಸಿ, ಇದನ್ನ ಯಾಕಮ್ಮ ಇಟ್ಕೊಂಡಿದೀರಾ? ಬಾಗಿಲು ಮುಚ್ಚಿಸಿ ಆ ಕಡೆ ಇನ್ನೊಂದು ಇಡಿಸಿ" ಎಂದಳು. "ನೀನು ಅರ್ಧ ಕೇಳಿ ಮಾತಾಡ್ಬೇಡ, ಪೂರ್ತಿ ನಿಂತು ಕೇಳು" ಎಂದು ಗದರಿದೆ. ಒಲೆಯ ಮುಂದೆ ನಿಂತು ಗದರಿದ್ದರಿಂದ ಅಲ್ಲಿಯೂ ಒಂದು ನಿಂತಿದೆ ಈಗ, ಇರಲಿ.

ಮಾತು ಬಾಳಿಕೆ ಬರುತ್ತದೆ, ಮನುಷ್ಯರು ಬರುವುದಿಲ್ಲ. ಅತ್ತೆಯದು ಹಂಡೆಯ ಹತ್ತಿರ ಇನ್ನೂ ಮೊನ್ನೆ ಬೈದ ಹಾಗಿದೆ. ನಮ್ಮಿಬ್ಬರಲ್ಲಿ ಯಾರೋ ಒಬ್ಬರು ಮುಂದೆ ಹೋಗುತ್ತೇವೆ, ಅದಕ್ಕೆ ಅಳುತ್ತಾ ಕೂರುವ ಹೆಂಗಸು ನಾನಲ್ಲ. ಉಳಿದವರಿಗೆ ನಿಂತು ಕೇಳುವುದಕ್ಕೆ ಒಂದು ಜಾಗ ಆಯಿತಲ್ಲ, ಅಷ್ಟು ಸಾಕು. ದಿನಾ ಮಧ್ಯಾಹ್ನ ಗಿರಣಿಯ ಮೋಟಾರು ನಿಂತ ಮೇಲೆ, ಇವರು ಕೈಕಾಲು ತೊಳೆದು ಬರುವುದರೊಳಗೆ, ನಾನು ಒಂದು ಸಲ ಹೊಸ್ತಿಲಲ್ಲಿ ನಿಂತು ಬರುತ್ತೇನೆ. ಮೊದಲಿನಿಂದ ಕೊನೆಯವರೆಗೆ ಕೇಳುತ್ತೇನೆ. ಅಷ್ಟರಲ್ಲಿ ಇವರು ಹಿಂದೆ ಬಂದು ನಿಂತಿರುತ್ತಾರೆ. "ಸರಿಯೇ ಸ್ವಲ್ಪ, ಹಸಿವಾಗಿದೆ" ಅನ್ನುತ್ತಾರೆ. ಸಿಟ್ಟಿಲ್ಲದೆ ಅಂದದ್ದರಿಂದ ಅದು ಅಲ್ಲಿ ನಿಲ್ಲುವುದಿಲ್ಲ, ನಾಳೆ ಮತ್ತೆ ಹೇಳಬೇಕಾಗುತ್ತದೆ.